ಹೊಸ ಸಭೆಗೆ ಬೋರ್ಡ್ ಬರೆಸುವ ಮೊದಲು

ಮಾನ್ಯ ಸಂಪಾದಕರೇ,

ಪೀಣ್ಯ, ದಾಸರಹಳ್ಳಿ, ಬಾಗಲಗುಂಟೆ, ಚಿಕ್ಕಬಾಣಾವರ, ಈ ಕಡೆಯೆಲ್ಲ ಸಣ್ಣ ಸಣ್ಣ ಕ್ರೈಸ್ತ ಸಭೆಗಳು ಶುರುವಾಗುತ್ತಲೇ ಇವೆ. ಅಂಗಡಿ ಮೇಲಿನ ಹಾಲ್, ಶೀಟ್ ಹೊದಿಸಿದ ಶೆಡ್, ಯಾರದೋ ಮನೆಯ ಮಹಡಿ, ಹೀಗೆ ಸಿಕ್ಕಿದ ಜಾಗದಲ್ಲಿ. ಈಗ ನಮ್ಮ ಬಡಾವಣೆಯ ಕೆಲವು ಹುಡುಗರೂ ಒಂದು ಕನ್ನಡ ಸಭೆ ಶುರು ಮಾಡಬೇಕು ಅಂತ ಓಡಾಡುತ್ತಿದ್ದಾರೆ. ನಾನು ತುಂಬಾ ವರ್ಷ ಸಭಾಹಿರಿಯನಾಗಿ ಇದ್ದವನು, ಸಭೆಯ ಲೆಕ್ಕ ನೋಡಿದವನು ಅಂತ ಸಲಹೆ ಕೇಳಲು ಬಂದಿದ್ದರು. ಕೈಯಲ್ಲಿ ಒಂದು ಪಟ್ಟಿ ಇತ್ತು. ಶೆಡ್ಡಿನ ಅಡ್ವಾನ್ಸ್, ಬಾಡಿಗೆ, ಕೀಬೋರ್ಡ್, ಡ್ರಮ್ಸ್, ಸ್ಪೀಕರ್, ಪ್ಲಾಸ್ಟಿಕ್ ಕುರ್ಚಿ, ಫ್ಲೆಕ್ಸ್ ಬೋರ್ಡ್. ಎಲ್ಲಕ್ಕೂ ರೇಟ್ ವಿಚಾರಿಸಿ ಬರೆದಿದ್ದರು. ಆದರೆ ಮದುವೆ ಯಾರು ಮಾಡಿಸ್ತಾರೆ, ಯಾರಾದರೂ ತೀರಿಕೊಂಡರೆ ಎಲ್ಲಿ ಮಣ್ಣು ಮಾಡೋದು, ಕಾಣಿಕೆ ದುಡ್ಡು ಯಾರ ಕೈಯಲ್ಲಿ ಇರುತ್ತೆ, ಈ ಮೂರು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಬೇರೆ ಕಡೆಯೂ ಇಂಥ ಹುಡುಗರು ಇದ್ದಾರೆ, ಅವರಿಗೂ ಉಪಯೋಗ ಆಗಲಿ ಅಂತ.

ಮೊದಲು ಒಂದು ಮಾತು. ಈ ಸಭೆ ಬೇಕೇ ಬೇಕು. ಇಷ್ಟೊಂದು ಚರ್ಚ್ ಇರುವಾಗ ಇನ್ನೊಂದು ಯಾಕೆ ಅಂತ ಕೇಳೋರು ಒಂದು ಭಾನುವಾರ ಪೀಣ್ಯದ ಬಾಡಿಗೆ ಮನೆಗಳ ಸಾಲಿನಲ್ಲಿ ಓಡಾಡಿ ನೋಡಲಿ. ಗದಗ, ಹಾವೇರಿ, ಧಾರವಾಡ, ಚಾಮರಾಜನಗರದಿಂದ ಕೆಲಸಕ್ಕೆ ಬಂದ ಕ್ರೈಸ್ತ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಗಂಡ ಮಷಿನ್ ಶಾಪ್‌ನಲ್ಲಿ, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ. ವಾರಕ್ಕೆ ಒಂದೇ ರಜ. ಊರಲ್ಲಿ ಅಜ್ಜನ ಕಾಲದಿಂದ ಕನ್ನಡದಲ್ಲೇ ಪ್ರಾರ್ಥನೆ ಮಾಡಿಕೊಂಡು ಬಂದವರು. ಇಲ್ಲಿ ಹತ್ತಿರದಲ್ಲಿ ಸಿಗೋದು ಇಂಗ್ಲಿಷ್ ಆರಾಧನೆ, ಇಲ್ಲಾ ತಮಿಳು, ಇಲ್ಲಾ ಮಲಯಾಳಂ. ಮಕ್ಕಳು ಹೇಗೋ ಹೊಂದಿಕೊಳ್ತಾರೆ. ಊರಿಂದ ಬಂದ ವಯಸ್ಸಾದ ತಾಯಿ ಮಾತ್ರ ತಮ್ಮ ಪಾಡಿಗೆ ಬೆಂಚಿನ ಮೇಲೆ ಕೂತು ಎದ್ದು ಬರ್ತಾರೆ. ಒಂದು ಮಾತೂ ತಿಳಿಯದೆ ಒಂದೂವರೆ ಗಂಟೆ ಕೂರೋದು ಅಂದ್ರೆ ಸುಮ್ನೆ ಅಲ್ಲ. ಪಾಪ, ಅವರಿಗೆ ತಮ್ಮ ಭಾಷೆಯಲ್ಲಿ ಕೇಳುವ ಹಕ್ಕು ಇಲ್ವಾ?

ಬೆಂಗಳೂರಿನಲ್ಲಿ ಕನ್ನಡ ಸಭೆಗಳು ಇಲ್ಲ ಅಂತಲ್ಲ. ಹಡ್ಸನ್ ಸರ್ಕಲ್ ಅಂತ ನಾವೆಲ್ಲ ಕರೆಯೋದು ಹಡ್ಸನ್ ಸ್ಮಾರಕ ದೇವಾಲಯದಿಂದ, ಅದು 1904ರದ್ದು, ಕನ್ನಡ ಸಭೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವೂ ಕನ್ನಡದ್ದೇ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಹೆಸರಿನದು, ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ತಂದೆ. ಎರಡೂ ಇರೋದು ಪೇಟೆ ಕಡೆ. ಇದಕ್ಕೆ ಕಾರಣ ಇದೆ. 1809ರಲ್ಲಿ ದಂಡು ಪ್ರದೇಶ (ಕಂಟೋನ್ಮೆಂಟ್) ಹುಟ್ಟಿದಾಗ ಮದ್ರಾಸ್ ಸೈನ್ಯದ ಜೊತೆ ತಮಿಳು ಮಾತಾಡುವ ಜನ ಬಂದರು, ಆ ಕಡೆಯ ಚರ್ಚುಗಳಲ್ಲಿ ಇಂಗ್ಲಿಷ್, ತಮಿಳು ಬೆಳೆಯಿತು, ಕನ್ನಡ ಪೇಟೆಯಲ್ಲಿ ಉಳಿಯಿತು. ಈಗ ಊರು ಪೇಟೆ, ದಂಡು ಎರಡನ್ನೂ ದಾಟಿ ಎಲ್ಲೆಲ್ಲೋ ಬೆಳೆದಿದೆ. ಚಿಕ್ಕಬಾಣಾವರದಿಂದ ಮಕ್ಕಳು ಮರಿ ಕಟ್ಟಿಕೊಂಡು ಎರಡು ಬಸ್ ಬದಲಿಸಿ ಹಡ್ಸನ್ ಸರ್ಕಲ್‌ಗೆ ಪ್ರತಿ ವಾರ ಹೋಗಿ ಬಾ ಅಂದರೆ ಯಾರಿಗೆ ಆಗುತ್ತೆ?

ಭಾಷೆಯ ತಕರಾರು ಹೊಸದಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಮೊಟ್ಟಮೊದಲ ಸಭೆಯಲ್ಲೇ ಗ್ರೀಕ್ ಮಾತಾಡುವವರು ಗೊಣಗಿದರು, ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಮಾತ್ರ ಕಡೆಗಣಿಸುತ್ತಿದ್ದಾರೆ ಅಂತ. ಅಪೊಸ್ತಲರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಗದರಿಸಿ ಕೂರಿಸಲಿಲ್ಲ. ಒಳ್ಳೆ ಹೆಸರಿನ ಏಳು ಜನರನ್ನು ಆರಿಸಿ ಅಂತ ಸಭೆಗೇ ಹೇಳಿದರು, ಆರಿಸಿದ ಏಳು ಜನರ ಹೆಸರೂ ಗ್ರೀಕ್ ಹೆಸರುಗಳೇ. ಅಂದರೆ ಯಾರಿಗೆ ಅನ್ಯಾಯ ಆಗಿದೆಯೋ ಅವರ ಕಡೆಯವರ ಕೈಗೇ ಜವಾಬ್ದಾರಿ ಕೊಟ್ಟರು. ನಮ್ಮ ದೊಡ್ಡ ಸಭೆಗಳು ಇದನ್ನು ಓದಿ ಯೋಚನೆ ಮಾಡಬೇಕು. ಹೊಸ ಸಭೆ ಮಾಡುವ ಹುಡುಗರೂ ಓದಬೇಕು. ಯಾಕೆಂದರೆ ಅಲ್ಲಿ ಒಬ್ಬರನ್ನು ನೇಮಿಸಲಿಲ್ಲ, ಏಳು ಜನರನ್ನು ನೇಮಿಸಿದರು.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಇದನ್ನೇ ಜಾಸ್ತಿ ಹೇಳಬೇಕು, ಸಭೆಗಳು ಒಡೆಯೋದು ಹೆಚ್ಚಾಗಿ ಇಲ್ಲೇ.

ನಾನು ನೋಡಿದ ಎಷ್ಟೋ ಸಣ್ಣ ಸಭೆಗಳಲ್ಲಿ ಪ್ರಸಂಗಪೀಠದ ಮುಂಭಾಗಕ್ಕೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡಿದರೆ ಬರೋದು ಪಾಸ್ಟರ್ ಅವರ ಸ್ವಂತ ಹೆಸರು. ಅಂದರೆ ಕಾಣಿಕೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು), ಕಟ್ಟಡ ನಿಧಿ ಎಲ್ಲ ಹೋಗೋದು ಅವರ ಸ್ವಂತ ಖಾತೆಗೆ, ಅವರ ಮನೆಯ ಕರೆಂಟ್ ಬಿಲ್ಲು, ಮಗನ ಫೀಸು ಹೋಗುವ ಖಾತೆಯಿಂದಲೇ ಸಭೆಯ ಬಾಡಿಗೆಯೂ ಹೋಗುತ್ತೆ. ಅವರು ಒಳ್ಳೆಯವರೇ ಇರಬಹುದು, ಒಂದು ರೂಪಾಯಿ ಮುಟ್ಟದೆ ಇರಬಹುದು. ಆದರೆ ನಾಳೆ ಯಾರಾದರೂ ಲೆಕ್ಕ ಕೇಳಿದರೆ ತೋರಿಸಲು ಅವರ ಹತ್ತಿರ ಏನೂ ಇರೋದಿಲ್ಲ. ಕೇಳಿದವನು ದ್ರೋಹಿ ಆಗ್ತಾನೆ, ಅವನ ಹಿಂದೆ ನಾಲ್ಕು ಕುಟುಂಬ ಹೊರಗೆ ಹೋಗ್ತವೆ, ಪಕ್ಕದ ರಸ್ತೆಯಲ್ಲಿ ಇನ್ನೊಂದು ಬೋರ್ಡ್ ಏಳುತ್ತೆ. ಬೆಂಗಳೂರಲ್ಲಿ ಹೊಸ ಸಭೆ ಅಂತ ನಾವು ಎಣಿಸುವುದರಲ್ಲಿ ಎಷ್ಟೋ ಹೀಗೆ ಜಗಳದಿಂದ ಹುಟ್ಟಿದವು.

ಟ್ರಸ್ಟ್ ಮಾಡಿಸಿದ್ದೀವಲ್ಲ ಅಂತಾರೆ ಕೆಲವರು. ಸರಿ, ಡೀಡ್ ಓದಿ ನೋಡಿ. ಪಾಸ್ಟರ್ ಅಧ್ಯಕ್ಷರು, ಅವರ ಹೆಂಡತಿ ಕಾರ್ಯದರ್ಶಿ, ಭಾಮೈದ ಖಜಾಂಚಿ. ಇಂಥ ಟ್ರಸ್ಟ್ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ರಿಜಿಸ್ಟರ್ ಆಗುತ್ತೆ, ಪಾನ್ ಕಾರ್ಡೂ ಬರುತ್ತೆ, ಬ್ಯಾಂಕ್ ಖಾತೆಯೂ ತೆರೆಯುತ್ತೆ. ಆದರೆ ಸಭೆಯ ಜನಕ್ಕೆ ಅದರಲ್ಲಿ ಜಾಗವೇ ಇಲ್ಲ. ಹತ್ತು ವರ್ಷ ಕಾಣಿಕೆ ಹಾಕಿ ಸೈಟ್ ತಗೊಂಡವರು ಜನ, ಸೈಟಿನ ಮೇಲೆ ಹಿಡಿತ ಮಾತ್ರ ಒಂದು ಮನೆಯದು. ಆದ್ದರಿಂದ ಹುಡುಗರಿಗೆ ಹೇಳಿದೆ, ಟ್ರಸ್ಟಿಗಳಲ್ಲಿ ಒಂದೇ ಮನೆಯ ಇಬ್ಬರು ಬೇಡ. ಪಾಸ್ಟರ್ ಖಜಾಂಚಿ ಆಗೋದು ಬೇಡ. ಚೆಕ್ಕಿಗೆ ಎರಡು ಸಹಿ ಇರಲಿ. ಕಾಣಿಕೆ ಚೀಲ ಆರಾಧನೆ ಮುಗಿದ ಕೂಡಲೇ ಅಲ್ಲೇ ಮೇಜಿನ ಮೇಲೆ ಸುರಿದು ಇಬ್ಬರು ಎಣಿಸಲಿ, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಲಿ, ಸೋಮವಾರ ಬ್ಯಾಂಕಿಗೆ ಕಟ್ಟಲಿ. ತಿಂಗಳ ಜಮಾ ಖರ್ಚು ಗೋಡೆ ಮೇಲೆ ಹಾಕಲಿ, ಪಾಸ್ಟರ್ ಅವರ ಸಂಬಳವೂ ಸೇರಿ. ಸಂಬಳ ಅಂತ ಗೊತ್ತು ಮಾಡಿ ಕೊಡೋದು ನಾಚಿಕೆಯ ವಿಷಯ ಅಲ್ಲವೇ ಅಲ್ಲ. ಗೊತ್ತು ಮಾಡದೆ ಅವರನ್ನು ಒಬ್ಬೊಬ್ಬರ ಮುಂದೆ ಕೈಚಾಚುವ ಹಾಗೆ ಮಾಡ್ತೀವಲ್ಲ, ಅದು ನಾಚಿಕೆಯ ವಿಷಯ.

ಇದೆಲ್ಲ ಆಫೀಸಿನ ಲೆಕ್ಕ, ನಮಗೆ ದೇವರ ಮೇಲೆ ನಂಬಿಕೆ ಸಾಕು ಅಂತ ಒಬ್ಬ ಹುಡುಗ ಅಂದ. ಬೈಬಲಿನಲ್ಲಿ ಬರುವ, ಊರೂರಲ್ಲಿ ಸಭೆ ಕಟ್ಟಿದ ಪೌಲ ಯೆರೂಸಲೇಮಿನ ಬಡವರಿಗೆ ದುಡ್ಡು ಒಟ್ಟುಮಾಡಿದಾಗ ಒಬ್ಬನೇ ತಗೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಇಟ್ಟುಕೊಂಡ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಕಾರಣ ಸಮೇತ ಬರೆದಿದ್ದಾನೆ. ಪೌಲನಿಗೆ ಬೇಕಾದ ಎಚ್ಚರ ನಮಗೆ ಬೇಡ್ವಾ?

ವಿದೇಶದ ದುಡ್ಡಿನ ಆಸೆಯೂ ಬೇಡ. ದುಬೈನಲ್ಲೋ ಅಮೆರಿಕದಲ್ಲೋ ಗೆಳೆಯರಾದ ವಿದೇಶಿ ಸಭೆಯವರು ಕಳಿಸ್ತಾರೆ ಅಂತ ನಂಬಿ ಶೆಡ್ಡಿಗೆ ಅಡ್ವಾನ್ಸ್ ಕೊಟ್ಟವರನ್ನು ಕಂಡಿದ್ದೇನೆ. ವಿದೇಶಿ ದೇಣಿಗೆ ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಬೇಕು, ಇಲ್ಲವೇ ಮೊದಲೇ ಅನುಮತಿ ಬೇಕು. ನೋಂದಣಿಗೆ ಸಂಸ್ಥೆ ಕಡೇಪಕ್ಷ ಮೂರು ವರ್ಷ ಹಳೆಯದಿರಬೇಕು. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಾಸ್ಟರ್ ಅವರ ಸ್ವಂತ ಖಾತೆಗೆ ಕಳಿಸಿ ಸಭೆಗೆ ಖರ್ಚು ಮಾಡಿದರೆ ಅದು ಅಪರಾಧ. ಇಪ್ಪತ್ತು ಕುಟುಂಬ ಸೇರಿ ಬಾಡಿಗೆ ಕಟ್ಟಲಾಗದಿದ್ದರೆ ಆ ಬಾಡಿಗೆಯ ಜಾಗ ಆ ಸಭೆಗೆ ಬೇಡ.

ಇನ್ನು ಒಬ್ಬರ ಮೇಲೆ ನಿಂತ ಸಭೆಯ ಬಗ್ಗೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂರು ಜನ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಆಗ ಸಭೆಗೆ ಸೇರಿದವರು ಮನೆ ಕಳೆದುಕೊಂಡರು, ಕುಲಕಸುಬೂ ಹೋಯಿತು. ಆರಾಧನೆ ನಡೆಸಿ ಮನೆಗೆ ಕಳಿಸಿದರೆ ಆಗಲ್ಲ, ಹೊಟ್ಟೆಗೆ ದಾರಿ ಬೇಕು ಅಂತ ಅವರಿಗೆ ಅರ್ಥವಾಯಿತು. ಅದಕ್ಕೇ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ನಾವು ಮಂಗಳೂರು ಹೆಂಚು ಅಂತ ಮನೆ ಮೇಲೆ ಹೊದಿಸೋದು ಹೀಗೆ ಬಂದದ್ದು. ಇದರಲ್ಲಿ ತೊಂದರೆಯೂ ಇತ್ತು. ಕೂಲಿ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದರೆ ಬಡವನಿಗೆ ಎದುರು ಮಾತಾಡೋಕೆ ಬಾಯಿ ಬರಲ್ಲ. ಆದರೂ ಒಂದು ಕೆಲಸ ಅವರು ಚೆನ್ನಾಗಿ ಮಾಡಿದರು. ಇಲ್ಲಿನವರನ್ನೇ ಉಪದೇಶಿಗಳಾಗಿ, ಸಭಾಪಾಲಕರಾಗಿ ತಯಾರು ಮಾಡಿದರು. ಮೊದಲನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಶಿಬಿರದಲ್ಲಿ ಇಟ್ಟಿತು, ಕಾರ್ಖಾನೆಗಳು ಕೈತಪ್ಪಿದವು, ಆದರೆ ಸಭೆಗಳು ಮುಚ್ಚಲಿಲ್ಲ. ಭಾನುವಾರ ಬಂತು, ಇಲ್ಲಿನ ಜನ ಬಾಗಿಲು ತೆಗೆದರು, ಆರಾಧನೆ ನಡೆಯಿತು.

ಈಗ ಕೇಳ್ತೀನಿ, ನಿಮ್ಮ ಪಾಸ್ಟರ್ ಆರು ತಿಂಗಳು ಕಾಯಿಲೆ ಮಲಗಿದರೆ ಸಭೆ ನಡೆಯುತ್ತಾ? ಪ್ರಸಂಗ ಮಾಡಲು, ಮಕ್ಕಳ ಸಂಡೇ ಸ್ಕೂಲ್ ನಡೆಸಲು, ಆಸ್ಪತ್ರೆಯಲ್ಲಿ ಇರುವವರನ್ನು ಹೋಗಿ ನೋಡಲು ಇನ್ನು ಇಬ್ಬರು ಮೂವರು ತಯಾರಾಗಿದ್ದಾರಾ? ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಇದೆ, ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜ್ ಇದೆ. ಸಭೆ ಶುರು ಮಾಡುವ ಗುಂಪಿನಿಂದ ಒಬ್ಬರನ್ನು ಓದಲು ಕಳಿಸಿ, ಉಳಿದವರು ಹಿರಿಯರ ಹತ್ತಿರ ಕೂತು ಕಲಿಯಿರಿ. ಎರಡು ವರ್ಷ ಹಿಡಿಯಲಿ, ಏನು ಅವಸರ? ಹೆಣ್ಣುಮಕ್ಕಳನ್ನೂ ಸೇರಿಸಿ. ಮನೆ ಮನೆಯ ಪ್ರಾರ್ಥನಾ ಕೂಟ ನಡೆಸ್ತಿರೋದು ಹೆಚ್ಚಾಗಿ ಅವರೇ, ಕಮಿಟಿ ಅಂತ ಬಂದಾಗ ಮಾತ್ರ ಅವರ ಹೆಸರು ಇರಲ್ಲ. ಬೈಬಲಿನ ಕಾಲದ ಫಿಲಿಪ್ಪಿ ಪಟ್ಟಣದಲ್ಲಿ ಸಭೆ ಶುರುವಾದದ್ದು ಬಟ್ಟೆ ವ್ಯಾಪಾರದ ಲುದ್ಯಳ ಮನೆಯಲ್ಲಿ ಅನ್ನೋದನ್ನು ಮರೀಬಾರದು.

ಹಾಡಿನ ಬಗ್ಗೆಯೂ ಒಂದು ಮಾತು. ಕಿಟ್ಟೆಲ್ ಅಂದರೆ ನಿಘಂಟು ಅಂತ ಎಲ್ಲರಿಗೂ ಗೊತ್ತು, ಆದರೆ ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಪದ್ಯವಾಗಿ ಬರೆದಿದ್ದಾರೆ. ಜರ್ಮನಿಯಿಂದ ಬಂದವರಿಗೆ ಅಷ್ಟು ಅಕ್ಕರೆ ಇದ್ದಾಗ ನಮಗೆ ಏನಾಗಿದೆ? ಹೊಸ ಹಾಡು ಹಾಡಲಿ, ಡ್ರಮ್ಸ್ ಬಾರಿಸಲಿ, ಬೇಡ ಅನ್ನಲ್ಲ. ಜೊತೆಗೆ ಗದಗಿನ ಅಜ್ಜಿಗೆ ಬಾಯಿಗೆ ಬರುವ ಹಳೆಯ ಎರಡು ಹಾಡು ಹಾರ್ಮೋನಿಯಂ, ತಬಲದಲ್ಲಿ ಪ್ರತಿ ವಾರ ಇರಲಿ.

ಮದುವೆ. ನಮ್ಮಲ್ಲಿ ಇನ್ನೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೇ ನಡೆಯುತ್ತಿದೆ. ಬಿಷಪರಿಂದ ದೀಕ್ಷೆ ಪಡೆದ ಗುರುಗಳು ತಮ್ಮ ಸಭೆಯ ನಿಯಮದಂತೆ ಮದುವೆ ಮಾಡಿಸಬಹುದು. ಸ್ವತಂತ್ರ ಸಭೆಯ ಪಾಸ್ಟರ್‌ಗೆ ಸರ್ಕಾರದ ಲೈಸೆನ್ಸ್ ಬೇಕು. ವಿಶೇಷ ಅನುಮತಿ ಇಲ್ಲದಿದ್ದರೆ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ನಡೆಯಬೇಕು. ನಮಗೆ ಪರಿಚಯದ ಒಂದು ಜೋಡಿ ಲೈಸೆನ್ಸ್ ಇಲ್ಲದ ಕಡೆ ಮದುವೆ ಆಯ್ತು. ಹುಡುಗನಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತು, ಹೆಂಡತಿಗೆ ವೀಸಾ ಮಾಡಿಸಲು ಹೋದರೆ ಸಭೆಯ ಲೆಟರ್‌ಹೆಡ್ ಮೇಲೆ ಬರೆದು ಸೀಲ್ ಒತ್ತಿದ ಕಾಗದ ನಡೆಯಲ್ಲ ಅಂದರು. ಆಕೆ ಆಗ ತುಂಬು ಗರ್ಭಿಣಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೊಟ್ಟು ಮತ್ತೆ ರಿಜಿಸ್ಟರ್ ಮಾಡಿಸಬೇಕಾಯ್ತು. ಇಡೀ ಸಭೆ ಕೂತು ಹರಸಿದ ಮದುವೆಗೆ ಕಾಗದವೇ ಇಲ್ಲ ಅಂತ ಕೇಳಿದಾಗ ಆ ಹುಡುಗಿಯ ತಾಯಿ ಅತ್ತಿದ್ದು ನನಗೆ ಮರೆಯೋಕೆ ಆಗಲ್ಲ.

ಮಣ್ಣು ಮಾಡುವ ವಿಷಯ ಇನ್ನೂ ಕಷ್ಟ. ಬೆಂಗಳೂರಿನಲ್ಲಿ ಕ್ರೈಸ್ತರ ಸ್ಮಶಾನಗಳು ಹಳೆಯವು, ಹೊಸೂರು ರಸ್ತೆಯದಾಗಲಿ ಕಲ್ಲಪಳ್ಳಿಯದಾಗಲಿ ಜಾಗ ತೀರಾ ಕಡಿಮೆ. ಮೊದಲು ಕೇಳೋದೇ ಯಾವ ಸಭೆಯವರು, ನಿಮ್ಮ ಸಭಾಪಾಲಕರ ಪತ್ರ ಎಲ್ಲಿ ಅಂತ. ಹೊಸ ಸಭೆಯ ಹೆಸರು ಅವರು ಕೇಳೇ ಇರಲ್ಲ. ರಾಣೆಬೆನ್ನೂರು ಕಡೆಯಿಂದ ಬಂದು ಇಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ತೀರಿಕೊಂಡಾಗ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ದೇಹ ಆಂಬುಲೆನ್ಸ್‌ನಲ್ಲೇ ಇತ್ತು. ಪಾಸ್ಟರ್ ಒಂದಾದ ಮೇಲೆ ಒಂದು ಫೋನ್ ಮಾಡುತ್ತಲೇ ಇದ್ದರು. ಕೊನೆಗೆ ಎಲ್ಲರೂ ಚಂದಾ ಹಾಕಿ ರಾತ್ರಿ ಊರಿಗೇ ತಗೊಂಡು ಹೋದರು. ಛತ್ತೀಸಗಡದ ಬಸ್ತರ್‌ನಲ್ಲಿ ಒಬ್ಬ ಪಾಸ್ಟರ್ ಅವರ ದೇಹ 2025ರ ಜನವರಿಯಲ್ಲಿ ಸುಮಾರು 20 ದಿನ ಶವಾಗಾರದಲ್ಲಿ ಇದ್ದು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ನಡುವೆಯೂ ಒಮ್ಮತ ಬರದೆ, ಕೊನೆಗೆ ಸ್ವಂತ ಊರು ಬಿಟ್ಟು ದೂರದ ಕ್ರೈಸ್ತ ಸ್ಮಶಾನದಲ್ಲಿ ಮಣ್ಣು ಮಾಡಿ ಅಂತ ಆದೇಶ ಆಯ್ತು. ಅಲ್ಲಿನ ಪರಿಸ್ಥಿತಿ ಬೇರೆ, ಇಲ್ಲಿನದು ಬೇರೆ. ಆದರೂ ಬದುಕಿದ್ದಾಗ ಸಭೆಗೆ ಬಾ ಅಂತ ಕರೆದವರು ಸತ್ತಾಗ ಎಲ್ಲಿ ಇಡ್ತೀವಿ ಅನ್ನೋದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ಉತ್ತರ ಇಲ್ಲದಿದ್ದರೆ ಬೋರ್ಡ್ ಬೇಡ.

ನೆರೆಹೊರೆಯ ಬಗ್ಗೆ ಹೇಳದಿದ್ದರೆ ಪತ್ರ ಅರ್ಧ ಆಗುತ್ತೆ. ಮತಾಂತರ ನಿಷೇಧ ಕಾಯ್ದೆಯ ಚರ್ಚೆ ಜೋರಾಗಿದ್ದ 2021ರಲ್ಲಿ ನಮ್ಮ ರಾಜ್ಯದಲ್ಲೇ ಪ್ರಾರ್ಥನೆ ನಡೆಯುವ ಮನೆ, ಹಾಲ್‌ಗಳಿಗೆ ಗುಂಪುಗಳು ನುಗ್ಗಿದ್ದನ್ನು ಓದಿದ್ದೇವೆ. ಪ್ರಾರ್ಥನೆಗೆ ಕೂತ ಹೆಣ್ಣುಮಕ್ಕಳು, ಮಕ್ಕಳ ಮೇಲೆ ಹಾಗೆ ಎರಗೋದು ತಪ್ಪು, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಸಂವಿಧಾನದ 25ನೇ ವಿಧಿ ನಮಗೂ ಇದೆ. ಅದೇ ಹೊತ್ತಿಗೆ, ನಂಬಿಕೆಯನ್ನು ಸಾರುವ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ ಅನ್ನೋದನ್ನೂ ಹುಡುಗರು ತಿಳಿದಿರಬೇಕು. ಕಾಯಿಲೆ ವಾಸಿ ಮಾಡ್ತೀವಿ, ಕೆಲಸ ಕೊಡಿಸ್ತೀವಿ ಅಂತ ಕರೆಯೋದು ನಮ್ಮ ನಂಬಿಕೆಗೇ ಅವಮಾನ. ಕನ್ನಡ ಸಭೆ ಬೇಕಾಗಿರೋದು ಈಗಾಗಲೇ ಕ್ರೈಸ್ತರಾಗಿದ್ದು ಇಲ್ಲಿ ದಿಕ್ಕಿಲ್ಲದಂತೆ ಇರುವವರಿಗೆ, ಮೊದಲು ಅವರ ಬಾಗಿಲು ತಟ್ಟಿ. ಬೇರೆಯವರು ತಾವಾಗಿ ಬಂದರೆ ಪ್ರೀತಿಯಿಂದ ಕೂರಿಸಿ.

ಸದ್ದಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ನಲವತ್ತು ಜನ ಕೂರುವ ಶೆಡ್ಡಿಗೆ ಸ್ಪೀಕರ್ ಯಾಕೆ? ರಾತ್ರಿ ಪಾಳಿ ಮುಗಿಸಿ ಬಂದು ಪಕ್ಕದ ಮನೆಯಲ್ಲಿ ಮಲಗಿರುವವನೂ ನಮ್ಮ ಹಾಗೇ ಕೂಲಿಯವನು. ಶುರು ಮಾಡುವ ಮೊದಲು ಅಕ್ಕಪಕ್ಕದ ಮನೆಗಳಿಗೆ ಹೋಗಿ, ನಾವು ಇಂಥವರು, ಭಾನುವಾರ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಸೇರ್ತೀವಿ, ತೊಂದರೆ ಆದರೆ ಈ ನಂಬರ್‌ಗೆ ಹೇಳಿ ಅಂತ ಹೇಳಿ ಬನ್ನಿ. ಬೈಕುಗಳನ್ನು ಅವರ ಗೇಟಿನ ಮುಂದೆ ನಿಲ್ಲಿಸಬೇಡಿ. ಸಭೆಯ ಹಿರಿಯನಿಗೆ ಹೊರಗಿನವರ ಹತ್ತಿರವೂ ಒಳ್ಳೆ ಹೆಸರು ಇರಬೇಕು ಅಂತ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದು ಇದನ್ನೇ.

ಇಷ್ಟು ಕೇಳಿದ ಮೇಲೆ ಹುಡುಗರ ಮುಖ ಸಪ್ಪಗಾಯ್ತು. ಅವರನ್ನು ತಡೆಯೋದು ನನ್ನ ಉದ್ದೇಶ ಅಲ್ಲ. ಮೊದಲ ವರ್ಷ ಶೆಡ್ ಬೇಡ, ಮನೆಗಳಲ್ಲೇ ಸೇರಿ, ವಾರಕ್ಕೊಂದು ಮನೆ. ಯಾರ ಮಕ್ಕಳು ಫೀಸಿಗೆ ಕಷ್ಟಪಡ್ತಿದ್ದಾರೆ, ಯಾರ ಮನೆಯಲ್ಲಿ ಕುಡಿತ ಇದೆ, ಯಾರು ಒಂಟಿ, ಎಲ್ಲ ತಿಳಿದುಕೊಳ್ಳಿ. ಆಮೇಲೆ ಯಾವುದಾದರೂ ಹಳೆಯ ಸಭೆಯ ಆಶ್ರಯದಲ್ಲಿ ಶುರು ಮಾಡಿ ಅಂದೆ. ಒಪ್ಪಿಕೊಂಡಿದ್ದಾರೆ.

ಈಗ ನಗರದ ಹಳೆಯ ಸಭೆಗಳ ಹಿರಿಯರಲ್ಲಿ ನನ್ನ ಬೇಡಿಕೆ. ನಿಮ್ಮ ದೇವಾಲಯಗಳು ಭಾನುವಾರ ಮಧ್ಯಾಹ್ನ 2ರಿಂದ 5ರವರೆಗೆ ಹೆಚ್ಚಾಗಿ ಖಾಲಿ ಇರುತ್ತವೆ. ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಭಾಷೆ, ಆಮೇಲೆ ಇನ್ನೊಂದು ಭಾಷೆಯ ಆರಾಧನೆ ನಡೆಸುವ ರೂಢಿ ಬೆಂಗಳೂರಿಗೆ ಹೊಸದೇನಲ್ಲ. ಹೊರವಲಯದ ಚರ್ಚುಗಳಲ್ಲಿ ಆ ಹೊತ್ತನ್ನು ಇಂಥ ಕನ್ನಡ ಗುಂಪುಗಳಿಗೆ ಕೊಡಿ. ಮೂರು ವರ್ಷ ನಿಮ್ಮ ಸಭಾಪಾಲಕರು ತಿಂಗಳಿಗೊಮ್ಮೆ ಬಂದು ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಡಲಿ, ಮದುವೆ ನಿಮ್ಮ ರಿಜಿಸ್ಟರಿನಲ್ಲಿ ಆಗಲಿ, ಅವರ ಲೆಕ್ಕವನ್ನು ನಿಮ್ಮ ಆಡಿಟರ್ ನೋಡಲಿ. ಸ್ಮಶಾನದಲ್ಲಿ ಅವರಿಗೂ ಜಾಗ ಕೊಡುತ್ತೇವೆ ಅಂತ ಬರೆದು ಕೊಡಿ. ಸರ್ಕಾರವೂ ಹೊರವಲಯದಲ್ಲಿ ಹೊಸ ಬಡಾವಣೆ ಮಾಡುವಾಗ ಪಾರ್ಕಿಗೆ, ಶಾಲೆಗೆ ಜಾಗ ಬಿಡುವ ಹಾಗೆ ಎಲ್ಲ ಧರ್ಮದವರ ಸ್ಮಶಾನಕ್ಕೂ ಜಾಗ ಗುರುತಿಸಬೇಕು. 2011ರ ಜನಗಣತಿಯಲ್ಲೇ ರಾಜ್ಯದಲ್ಲಿ ಕ್ರೈಸ್ತರು 11 ಲಕ್ಷಕ್ಕಿಂತ ಹೆಚ್ಚಿದ್ದರು.

ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ ಕಡೆ ಹೀಗೆ ಹೊಸ ಸಭೆ ಕಟ್ಟಿ ಹತ್ತು ಹದಿನೈದು ವರ್ಷ ನಡೆಸಿದವರು ಇದ್ದರೆ ದಯವಿಟ್ಟು ಈ ಅಂಕಣಕ್ಕೆ ಬರೆಯಿರಿ. ಸ್ಮಶಾನದ ಸಮಸ್ಯೆಯನ್ನು ಹೇಗೆ ಬಗೆಹರಿಸಿಕೊಂಡಿರಿ ಅನ್ನೋದನ್ನು ಮುಖ್ಯವಾಗಿ ತಿಳಿಸಿ, ನಮ್ಮ ಹುಡುಗರಿಗೆ ಓದಿ ಹೇಳ್ತೀನಿ.

– ಒಬ್ಬ ಸಭಾಹಿರಿಯ, ಹೆಸರಘಟ್ಟ ರಸ್ತೆ, ಬೆಂಗಳೂರು